ದೊರೆಗಳ ಕಾರಿಗೆ ತಕ್ಕ ಎಂಜಿನ್

ಅವಮಾನ ಎಂಬುದು ಲೋಕದಲ್ಲಿ ನಾನಾ ರೂಪ ತಾಳಿ ಬರುತ್ತದೆ. ಕೆಲವರಿಗೆ ಬೈಗುಳವಾಗಿ ಬರುತ್ತದೆ, ಕೆಲವರಿಗೆ ಮೌನವಾಗಿ ಬರುತ್ತದೆ. ದೊರೆಗಳ ಮನೆಗೆ ಅದು ಉದ್ದನೆಯದೊಂದು ಸ್ಕ್ರೂಡ್ರೈವರ್ ಹಿಡಿದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಹಳ ಮರ್ಯಾದೆಯಿಂದಲೇ ಬಂತು.

ಸ್ಕ್ರೂಡ್ರೈವರ್ ಹಿಡಿದಿದ್ದವನು ಮೆಕ್ಯಾನಿಕ್. ಅದರ ತುದಿಯನ್ನು ಎಂಜಿನ್ನಿಗೆ ತಗುಲಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದುದರಿಂದ ಊರೆಲ್ಲ ಅವನನ್ನು ಡಾಕ್ಟರು ಎಂದೇ ಕರೆಯುತ್ತಿತ್ತು. ಅಂದು ಅವನು ಶೆಡ್ಡಿನಲ್ಲಿ ಬಗ್ಗಿ ನಿಂತು ತುಂಬ ಹೊತ್ತು ಕೇಳಿಸಿಕೊಂಡ. ಎಂಜಿನ್ ಓಡುತ್ತಿರಲಿಲ್ಲವಾದ್ದರಿಂದ ಕೇಳುವುದಕ್ಕೆ ಏನೂ ಇರಲಿಲ್ಲ, ಆದರೂ ಕೇಳಿದ. ಆಮೇಲೆ ಸ್ಕ್ರೂಡ್ರೈವರನ್ನು ಒರೆಸಿ ಜೇಬಿಗಿಳಿಸಿ, ಮನೆಯವರನ್ನೆಲ್ಲ ಕರೆಯಿರಿ ಎಂದ.

ಮನೆಯವರೆಲ್ಲ ಎಂದರೆ ಹೆಂಡತಿ ಒಬ್ಬಳೇ. ಕೊರಳಿಗೆ ಅಳತೆಯ ಟೇಪು, ತುಟಿಯ ನಡುವೆ ಗುಂಡುಸೂಜಿ, ಹೀಗೆ ಇದ್ದಂತೆಯೇ ಬಂದು ನಿಂತಳು.

"ಎಂಜಿನ್ ಬ್ಲಾಕು ಸೀಳಿ ಹೋಗಿದೆ ಅಕ್ಕಾ," ಎಂದ ಡಾಕ್ಟರು, ತಲೆ ತಗ್ಗಿಸಿ. "ಇನ್ನು ಆಸೆ ಇಟ್ಕೋಬೇಡಿ. ಧೈರ್ಯ ತಂದ್ಕೋಬೇಕು."

ಹೆಂಡತಿ ಬಾಯಿಂದ ಸೂಜಿ ತೆಗೆದಳು. "ಶೆಡ್ಡು ಯಾವತ್ತು ಖಾಲಿ ಆಗುತ್ತೆ?"

ಇಂಥ ಹೊತ್ತಿನಲ್ಲಿ ಇಂಥ ಮಾತು ಕೇಳಿದರೆ ಕಲ್ಲಿಗೂ ಸಿಟ್ಟು ಬರುತ್ತದೆ. ದೊರೆಗಳು ಕಲ್ಲಲ್ಲ. ಆದರೆ ಆಕೆಯ ಪ್ರಶ್ನೆಯ ಹಿಂದೆಯೂ ಒಂದು ಕಥೆ ಇತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು.

ಕಾರು ಆಕೆಯ ತಂದೆಯದು. ಉಬ್ಬಿದ ಮಡ್‌ಗಾರ್ಡು, ಎರಡೂ ಬದಿಗೆ ಕಾಲಿಡುವ ಮೆಟ್ಟಿಲು, ಹಕ್ಕಿಯ ರೆಕ್ಕೆಯಂತೆ ಎರಡು ಕಡೆ ತೆರೆಯುವ ಬಾನೆಟ್ಟು, ಹಿಸುಕಿದರೆ ಬಾತುಕೋಳಿಯಂತೆ ಕೂಗುವ ರಬ್ಬರ್ ಬುರುಡೆಯ ಹಾರ್ನು. ನೋಡಿದವರಿಗೆ ಕಣ್ಣು ತುಂಬುವಂಥ ಕಾರು. ಆಕೆಗೆ ಮಾತ್ರ ಅದು ಬೆನ್ನುನೋವು. ತಂದೆ ಸ್ಟಿಯರಿಂಗ್ ಹಿಡಿದು ಕೂರುವುದು, ಮಕ್ಕಳು ಹಿಂದಿನಿಂದ ತಳ್ಳುವುದು, ಇದು ಆ ಮನೆಯಲ್ಲಿ ನಡೆದುಬಂದ ರೀತಿ. ಆಕೆ ಕಾರಿನಲ್ಲಿ ಶಾಲೆಗೆ ಹೋದಳು ಎಂದರೆ ಕಾರಿನ ಹಿಂದೆ ನಡೆದುಕೊಂಡು ಹೋದಳು ಎಂದೇ ತಿಳಿಯಬೇಕು. ತಂದೆ ತೀರಿಕೊಂಡ ಮೇಲೆ ಆಕೆಯ ತಮ್ಮ ಕೈಮುಗಿದು, ಆಸ್ತಿಯಲ್ಲಿ ನನಗೆ ಏನಾದರೂ ಕೊಡು, ಏನೂ ಕೊಡದಿದ್ದರೂ ಸರಿ, ಆ ಕಾರೊಂದನ್ನು ಕೊಡಬೇಡ ಎಂದ. ನನಗೂ ಬೇಡ ಎಂದು ಆಕೆ ಬಾಯಿ ತೆರೆಯುವಷ್ಟರಲ್ಲಿ ಅಳಿಯಂದಿರು ನಡುವೆ ಬಂದು, ಇಂಥ ರತ್ನವನ್ನು ಬೇಡವೆನ್ನುವವರೂ ಉಂಟೆ ಎಂದು ಎರಡು ಕೈಯಲ್ಲೂ ಬಾಚಿಕೊಂಡರು.

ಆ ಅಳಿಯಂದಿರೇ ದೊರೆಗಳು. ಅವರಿಗೆ ರಾಜ್ಯ ಯಾವುದೂ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು; ಅಲ್ಲಿ ಅವರನ್ನು ಮೇಲಿನವರು "ಏನ್ರೀ" ಎಂದೂ ಕೆಳಗಿನವರು "ಇವರೇ" ಎಂದೂ ಕರೆಯುತ್ತಿದ್ದರು. ಕಾರು ಬಂದ ಮೇಲೆ ಬೀದಿಯವರು ದೊರೆಗಳು ಎಂದು ಹೆಸರಿಟ್ಟರು. ಇಟ್ಟವರು ತಮಾಷೆಗೆ ಇಟ್ಟರು, ಇಡಿಸಿಕೊಂಡವರು ಗಂಭೀರವಾಗಿ ಇಡಿಸಿಕೊಂಡರು. ಅಂದಿನಿಂದ ದೊರೆಗಳೇ ಎಂದು ಯಾರು ಕರೆದರೂ, ಏನು ಕೇಳಿದರೂ, ಅವರ ಬಾಯಿಂದ "ಆಗಲಿ" ಎಂಬ ಒಂದೇ ಮಾತು ಹೊರಡುತ್ತಿತ್ತು. ದೊರೆಯಾದವನು ಇಲ್ಲವೆನ್ನಬಾರದಷ್ಟೆ.

ಇಲ್ಲವೆನ್ನಿಸಿಕೊಂಡವಳು ಹೆಂಡತಿ ಒಬ್ಬಳೇ. ಆಕೆ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಅಡುಗೆಮನೆಯಲ್ಲಿ, ಬಟ್ಟೆಯ ರಾಶಿ ಹಾಸಿಗೆಯ ಮೇಲೆ, ಗುಂಡಿಗಳು ಸಕ್ಕರೆ ಡಬ್ಬದ ಪಕ್ಕದಲ್ಲಿ. ಊಟಕ್ಕೆ ಕೂತರೆ ಅಟ್ಟಣಿಗೆಯಿಂದ ಅರ್ಧ ತೋಳು ಜಾರಿ ತಟ್ಟೆಗೆ ಬೀಳುವುದು. ಶೆಡ್ಡು ಕೊಟ್ಟರೆ ಎರಡು ಯಂತ್ರ, ಒಂದು ಕತ್ತರಿಸುವ ಮೇಜು ಹಾಕಿ ನೆಮ್ಮದಿಯಿಂದ ಕೆಲಸ ಮಾಡಬಹುದೆಂದು ಆಕೆ ವರ್ಷಗಳಿಂದ ಹೇಳುತ್ತಿದ್ದಳು. ಓಡುವ ಕಾರಿಗೆ ನೆರಳು ಬೇಡವೇ ಎಂದು ದೊರೆಗಳು ಬಾಯಿ ಮುಚ್ಚಿಸುತ್ತಿದ್ದರು. ಈಗ ಕಾರು ಓಡುವುದಿಲ್ಲವೆಂದು ಡಾಕ್ಟರೇ ಹೇಳಿಬಿಟ್ಟನಲ್ಲ.

"ಎಂಜಿನ್ ಬದಲಾಯಿಸಿದರೆ ಆಯಿತು," ಎಂದರು ದೊರೆಗಳು, ಚಪ್ಪಲಿ ಬದಲಾಯಿಸುವವರ ಹಾಗೆ.

ಡಾಕ್ಟರು ಸತ್ತ ಎಂಜಿನ್ನನ್ನು ಸರಪಳಿ ಕಟ್ಟಿ ಮೇಲೆತ್ತಿ ಹೊರಗಿಟ್ಟ. ದೊರೆಗಳು ಗಡ್ಡ ತೆಗೆಸಿಕೊಳ್ಳಲು ಬೀದಿಯ ಕೆಳತುದಿಯಲ್ಲಿದ್ದ ಕ್ಷೌರದಂಗಡಿಗೆ ಹೋದರು. ಸರ್ವನಾಶ ಶುರುವಾದದ್ದು ಅಲ್ಲಿ.

ಕತ್ತಿಯನ್ನು ಕೊರಳಿನ ಹತ್ತಿರ ಹಿಡಿದುಕೊಂಡಿದ್ದವನ ಜತೆ ಮಾತಿಗಿಳಿಯಬಾರದು ಎಂದು ತಿಳಿದವರು ಹೇಳುತ್ತಾರೆ. ಕ್ಷೌರಿಕ, ಹಾಗಾದರೆ ಹೊಸ ಎಂಜಿನ್ ಹಾಕಿಸ್ತೀರಾ ಎಂದು ಸುಮ್ಮನೆ ಕೇಳಿದ. ದೊರೆಗಳಿಗೆ ಮೈಯೆಲ್ಲ ಉರಿಯಿತು.

"ಹೊಸದಾ? ಏನಯ್ಯಾ ನೀನು, ಅಜ್ಜನ ಬಾಯಿಗೆ ಹಾಲುಹಲ್ಲು ಹಾಕಿಸು ಅಂತೀಯಲ್ಲ. ನನ್ನ ಕಾರಿಗೆ ಹಳೇ ಎಂಜಿನ್ನೇ ಬೇಕು. ಹಳೇದಾದಷ್ಟೂ ಒಳ್ಳೇದು. ಯಾರ ಹಿತ್ತಿಲಲ್ಲಿ ಎಂಥ ಹಳೇ ಎಂಜಿನ್ ಬಿದ್ದಿದ್ರೂ ಸರಿ, ನಾನು ನೋಡೋಕೆ ತಯಾರು."

ಅವರ ಮನಸ್ಸಿನಲ್ಲಿದ್ದದ್ದು ಅದೇ ಕಾಲದ, ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್. ಆದರೆ ಮನಸ್ಸಿನಲ್ಲಿದ್ದದ್ದು ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಹೇಗೆ ಕಾಣಬೇಕು? ಅವರಿಗೆ ಕಂಡದ್ದು ಇಷ್ಟು: ದೊರೆಗಳು ಹಳೇ ಎಂಜಿನ್ನುಗಳನ್ನು ಕೂಡಿಸುತ್ತಿದ್ದಾರೆ. ದೊಡ್ಡವರ ಹವ್ಯಾಸ, ಕಾರಣ ಕೇಳಬಾರದು.

ಆ ಊರಿನಲ್ಲಿ ಹೊತ್ತು ಹಾಕಲೂ ಆಗದ, ಎತ್ತಿ ಎಸೆಯಲೂ ಆಗದ ಎಂಜಿನ್ನುಗಳು ಎಷ್ಟು ಮನೆಗಳ ಹಿತ್ತಿಲಲ್ಲಿ ಎಷ್ಟು ಕಾಲದಿಂದ ಗಡದ್ದಾಗಿ ಮಲಗಿದ್ದವೋ, ಎಲ್ಲವೂ ಆ ಸಂಜೆಯೇ ಎದ್ದು ಹೊರಟವು.

ಮೊದಲು ಬಂದವನು ಹಿಟ್ಟಿನ ಗಿರಣಿಯವನು. ಬಂದದ್ದು ಒಬ್ಬನೇ ಅಲ್ಲ. ಆನೆಮರಿಯಷ್ಟು ದಪ್ಪದ, ಮೈತುಂಬ ಹಿಟ್ಟು ಬಳಿದುಕೊಂಡ ಡೀಸೆಲ್ ಎಂಜಿನ್ನಿನೊಡನೆ ಬಂದ. ಅವನ ಬೆನ್ನಿಗೆ ತೋಟದವನು ಬಂದ, ಕಪ್ಪೆಗೂಡಾಗಿದ್ದ ನೀರೆತ್ತುವ ಎಂಜಿನ್ ತಂದ. ಅವನ ಬೆನ್ನಿಗೆ ಮುಚ್ಚಿಹೋದ ಚಿತ್ರಮಂದಿರದ ಕಾವಲುಗಾರ ಬಂದ, ಕೊನೆಯ ಆಟದ ದಿನ ಕೆಟ್ಟು ನಿಂತಿದ್ದ ಜನರೇಟರ್ ತಂದ. ರಸ್ತೆ ರೋಲರಿನ ಹೊಟ್ಟೆ ಬಂತು, ದೋಣಿಯ ಬಾಲ ಬಂತು, ಯಾವುದಕ್ಕೆ ಸೇರಿದ್ದೆಂದು ತಂದವನಿಗೂ ಗೊತ್ತಿಲ್ಲದ ಒಂದು ಕಬ್ಬಿಣದ ಮುದ್ದೆಯೂ ಬಂತು. ಬೀದಿಯ ಮೇಲ್ತುದಿಯ ಆ ಮನೆಗೆ ಏರಿನುದ್ದಕ್ಕೂ ಹಗ್ಗ ಕಟ್ಟಿ ಎಳೆದುಕೊಂಡು, ಬೆವರು ಒರೆಸಿಕೊಳ್ಳುತ್ತ ಬಂದವರೆಲ್ಲ ಒಂದೇ ಮಾತು ಹೇಳಿದರು: "ದೊರೆಗಳೇ, ನಿಮ್ಮ ಪಾದಕ್ಕೆ ಹಾಕ್ತಿದ್ದೀವಿ."

ದೊರೆಗಳಿಗೆ ಮೈಯೆಲ್ಲ ಕುದಿಯುತ್ತಿತ್ತು. ಇವು ನನ್ನ ಕಾರಿಗೆ ಸಮವೇ, ನನ್ನನ್ನು ಏನೆಂದು ತಿಳಿದಿರಿ ಎಂದು ಕೂಗಬೇಕೆಂದು ಪ್ರತಿಸಲವೂ ಬಾಯಿ ತೆರೆದರು. ಪ್ರತಿಸಲವೂ "ಆಗಲಿ" ಎಂದರು.

ಶೆಡ್ಡು ತುಂಬಿ ಅಂಗಳ ತುಂಬಿತು, ಅಂಗಳ ತುಂಬಿ ಗೇಟಿನ ಹೊರಗೆ ಸಾಲು ನಿಂತಿತು. ಹೆಂಡತಿ ಒಣಹಾಕಿದ್ದ ಹದಿನಾರು ಬಿಳಿ ಅಂಗಿಗಳ ಮೇಲೆ ಗಿರಣಿ ಎಂಜಿನ್ನಿನ ಎಣ್ಣೆ ಸಿಡಿಯಿತು. ಆಕೆ ಅವನ್ನು ಗಂಡನ ಮುಂದೆ ಒಂದೊಂದಾಗಿ ಹರಡಿ ಒಳಗೆ ಹೋದಳು. ಮಿಕ್ಕ ಎಣ್ಣೆ ಇಳಿಜಾರು ಹಿಡಿದು ಹರಿದು ಎದುರುಮನೆಯ ಮೇಷ್ಟ್ರ ಬಾಗಿಲಿಗೆ ಹೋಯಿತು. ನಿವೃತ್ತರಾದ ಮೇಷ್ಟ್ರು ಬೆಳಗಿನ ವಾಯುವಿಹಾರಕ್ಕೆಂದು ಹೊಸ್ತಿಲು ದಾಟಿದವರು ಆ ದಿನ ಎಂದಿಗಿಂತ ಬೇಗ ಬೀದಿಯ ಕೆಳತುದಿ ತಲುಪಿದರು. ಅಲ್ಲಿಂದ ಎದ್ದು, ಮೈ ಕೊಡವಿಕೊಂಡು, ಮನೆಗೆ ಬಾರದೆ ನೇರವಾಗಿ ಪುರಸಭೆಗೆ ಹೋದರು.

ಪುರಸಭೆಯ ಇನ್ಸ್‌ಪೆಕ್ಟರು ಬಂದದ್ದು ಮರುದಿನ. ಕಂಕುಳಲ್ಲಿ ಚೀಲ, ಕೈಯಲ್ಲಿ ನಿಯಮದ ಪುಸ್ತಕ. ಗೇಟಿನಿಂದ ಶೆಡ್ಡಿನವರೆಗೆ ಎಂಜಿನ್ನುಗಳ ಮೇಲೆ ಕಾಲಿಟ್ಟುಕೊಂಡು, ಹೊಳೆಯಲ್ಲಿ ಬಂಡೆ ದಾಟುವವರಂತೆ ದಾಟಿ ಬಂದರು. ಗುಜರಿ ವ್ಯಾಪಾರಕ್ಕೆ ಪರವಾನಗಿ ಎಲ್ಲಿ ಎಂದು ಕೇಳಿದರು.

ಗುಜರಿ ಎಂಬ ಶಬ್ದ ದೊರೆಗಳ ಕಿವಿಗೆ ಕಾದ ಸೀಸದಂತೆ ಇಳಿಯಿತು. ತಾವು ಸರಕಾರಿ ಗುಮಾಸ್ತರೆಂದೂ, ಇದು ಮನೆಯೆಂದೂ, ಇಲ್ಲಿರುವುದು ಒಂದು ಅಪರೂಪದ ವಾಹನವೆಂದೂ, ಮಿಕ್ಕವೆಲ್ಲ ಜನರ ಪ್ರೀತಿಯೆಂದೂ ಅವರು ನಡುಗುವ ದನಿಯಲ್ಲಿ ಹೇಳಿದರು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿ, ಶೆಡ್ಡಿನೊಳಗೆ ಇಣುಕಿ, ಕಾರಿನ ಬಾನೆಟ್ಟು ಎತ್ತಿ, ಅದರ ಖಾಲಿ ಹೊಟ್ಟೆ ನೋಡಿ, "ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳೋಣವಾ?" ಎಂದರು.

"ಯಾವ ಲೆಕ್ಕಕ್ಕೆ?"

"ಗುಜರಿ ಲೆಕ್ಕಕ್ಕೆ."

ದೊರೆಗಳು ಸಿಟ್ಟಿನಿಂದ ಹಾರ್ನಿನ ಬುರುಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದು ಕೂಗಿತು. ಇನ್ಸ್‌ಪೆಕ್ಟರು ಬೆಚ್ಚಿಬಿದ್ದು, ಇದು ಅಧಿಕಾರಿಯನ್ನು ಬೆದರಿಸಿದ ಹಾಗೆ ಆಗುತ್ತದೆ ಎಂದು ಎಚ್ಚರಿಸಿದರು. ಆಮೇಲೆ ಪುಸ್ತಕ ತೆರೆದು ನಿಯಮ ಓದಿ ಹೇಳಿದರು. ಯಾವ ವಸ್ತುವು, ಯಾರೂ ತಳ್ಳದೆ, ಯಾವುದೂ ಎಳೆಯದೆ, ಚಾಲಕನನ್ನು ಕೂರಿಸಿಕೊಂಡು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೋ ಅದು ವಾಹನ, ಹೋಗದಿರುವುದು ಗುಜರಿ. ಸೋಮವಾರ ಲಾರಿ ತರುತ್ತೇವೆ. ಅಷ್ಟರೊಳಗೆ ಇದು ಓಡಿದರೆ ಇದು ವಾಹನ, ಮಿಕ್ಕ ಕಬ್ಬಿಣವನ್ನು ಮಾತ್ರ ಹೊತ್ತುಕೊಂಡು ಹೋಗುತ್ತೇವೆ. ಓಡದಿದ್ದರೆ ಇದೂ ಲಾರಿಗೆ, ಪರವಾನಗಿಯಿಲ್ಲದೆ ಗುಜರಿ ಅಂಗಡಿ ನಡೆಸಿದ ತಪ್ಪಿಗೆ ಶೆಡ್ಡಿಗೂ ಬೀಗಮುದ್ರೆ.

ಶೆಡ್ಡಿಗೆ ಬೀಗ ಎಂಬ ಮಾತು ಕಿವಿಗೆ ಬಿದ್ದದ್ದೇ ಅಡುಗೆಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

ಆ ಸಂಜೆ ಮನೆಯಲ್ಲಿ ಸಭೆ ಸೇರಿತು. ಬಟ್ಟೆಯ ರಾಶಿ ಸರಿಸಿ ಹಾಸಿಗೆಯ ಮೇಲೆ ದೊರೆಗಳು ಕೂತರು. ಡಾಕ್ಟರು ಬಂದ. ಇನ್ವರ್ಟರ್ ಬ್ಯಾಟರಿ ಮಾರುವ ಬಾಮೈದ ಬಂದ. ಲಾರಿಯ ಸುದ್ದಿ ಕೇಳಿ ಮನಸ್ಸು ಚುಚ್ಚಿ, ನೋಯುವ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮೇಷ್ಟ್ರೂ ಬಂದರು. ಯಾವ ಎಂಜಿನ್ ಎಂಬುದೊಂದೇ ಪ್ರಶ್ನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎಳೆಯುವವರು ಮೂವರಿದ್ದರು.

ಡಾಕ್ಟರ ಒಲವು ಗಿರಣಿಯ ಡೀಸೆಲ್ ಎಂಜಿನ್ನಿನ ಕಡೆಗೆ. ಅದಕ್ಕೆ ಸಾವೆಂಬುದೇ ಇಲ್ಲ, ಮೂರು ತಲೆಮಾರು ಹಿಟ್ಟು ಬೀಸಿದೆ, ಹೊರಗೇ ಕೂತಿದೆ, ಎತ್ತಿ ಒಳಗಿಟ್ಟರಾಯಿತು ಎಂದ. ಅಳತೆಯ ಟೇಪು ಇಸಿದುಕೊಂಡು ನೋಡಿದರೆ ಅದು ಬಾನೆಟ್ಟಿಗಿಂತ ಎರಡು ಪಟ್ಟು ದೊಡ್ಡದಿತ್ತು. ಮುಂದಿನ ಸೀಟು ತೆಗೆದರೆ ಹಿಡಿಯುತ್ತದೆ, ಚಾಲಕ ಮಾಡಿನ ಮೇಲೆ ಕೂತು ಓಡಿಸಬಹುದು, ಗಾಳಿಯೂ ಬರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳಿದ. ಬಾಮೈದನಿಗೆ ಎಂಜಿನ್ ಎಂಬ ಮಾತೇ ಸೇರದು. ಈ ಕಾಲದಲ್ಲಿ ಹೊಗೆ ಯಾಕೆ, ಸದ್ದು ಯಾಕೆ, ಪೆಟ್ರೋಲ್ ಟ್ಯಾಂಕ್ ಕಿತ್ತು ಅಲ್ಲಿ ಬ್ಯಾಟರಿ ಜೋಡಿಸಿ ಒಂದು ಮೋಟಾರು ಕೂರಿಸಿದರೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆ ಎಂದ. ಮೇಷ್ಟ್ರು, ತಮ್ಮ ತಂಗಿಯ ಮಗನ ಟ್ಯಾಕ್ಸಿಯ ಎಂಜಿನ್ ಇದೆ, ಅಪಘಾತದಲ್ಲಿ ಟ್ಯಾಕ್ಸಿ ಹೋಯಿತು, ಎಂಜಿನ್ ಉಳಿಯಿತು, ಹೇಳುವುದಾದರೆ ತರಿಸುತ್ತೇನೆ ಎಂದರು.

ಡಾಕ್ಟರು ಟ್ಯಾಕ್ಸಿಯನ್ನು ಬೈದ. ಬಾಮೈದ ಡೀಸೆಲನ್ನು ಬೈದ. ಇಬ್ಬರೂ ಸೇರಿ ಮೇಷ್ಟ್ರ ತಂಗಿಯ ಮಗನನ್ನು ಬೈದರು.

ದೊರೆಗಳು ಎದ್ದು ನಿಂತರು. ಗಿರಣಿಯದು, ಟ್ಯಾಕ್ಸಿಯದು, ಬ್ಯಾಟರಿಯದು ಎಂದು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೀರಲ್ಲ, ಆ ಕಾರಿಗೆ ಒಂದು ಹುಟ್ಟು ಇಲ್ಲವೇ, ಒಂದು ಮಾನ ಇಲ್ಲವೇ ಎಂದು ದನಿ ಏರಿಸಿದರು. ಅದರದೇ ಮಾದರಿಯ ಎಂಜಿನ್ ಹಾಕಿದರೆ ಹಾಕಿದೆ, ಇಲ್ಲವಾದರೆ ಹಾಗೇ ನಿಲ್ಲಲಿ. ಮಾತು ಮುಗಿಯುವಾಗ ಅವರ ಕಣ್ಣಲ್ಲಿ ನೀರು ನಿಂತಿತ್ತು.

"ಹಾಗೇ ನಿಂತ್ರೆ ಲಾರಿ ಬರುತ್ತೆ ರೀ," ಎಂದಳು ಹೆಂಡತಿ. "ನನ್ನ ಶೆಡ್ಡಿಗೆ ಬೀಗ ಬೀಳುತ್ತೆ. ನಿಮ್ಮ ಮಾನಕ್ಕೆ ಮೇಜು ಹಾಕಿ ನಾನು ಬಟ್ಟೆ ಕತ್ತರಿಸೋಕಾಗುತ್ತಾ?"

ಸಭೆ ಮುಗಿದು ಎಲ್ಲರೂ ಹೊರಡುವಾಗ ಡಾಕ್ಟರು ಬಾಗಿಲ ಬಳಿ ತಿರುಗಿ, ಮೆಲ್ಲಗೆ, ದೊರೆಗಳೇ, ಯಾವುದಕ್ಕೂ ಡೀಸೆಲ್ಲಿಗೆ ಜಾಗ ಮಾಡಿ ಇಟ್ಟಿರುತ್ತೇನೆ ಎಂದ. ಆಗಲಿ ಎಂದರು ದೊರೆಗಳು. ಗೇಟಿನ ಬಳಿ ಬಾಮೈದ ಕೈ ಹಿಡಿದುಕೊಂಡ. ಅಕ್ಕನ ಮದುವೆಯಾದಂದಿನಿಂದ ಭಾವ ಎನ್ನುತ್ತಿದ್ದವನು ಅಂದು ದೊರೆಗಳೇ ಎಂದ. ಅವನಿಗೂ ಆಗಲಿ ಎಂದರು.

ಮರುದಿನ ಅವರು ಕಚೇರಿಗೆ ರಜೆ ಹಾಕಿ ಊರಿನ ಇನ್ನೊಂದು ಕೊನೆಯಲ್ಲಿದ್ದ ಸಂಗ್ರಾಹಕರ ಬಂಗಲೆಗೆ ಹೋದರು. ಹಳೆಯ ಕಾರುಗಳನ್ನು ಕೂಡಿಟ್ಟು ವರ್ಷಕ್ಕೊಮ್ಮೆ ಮೆರವಣಿಗೆ ತೆಗೆಯುವ ಶ್ರೀಮಂತರು ಅವರು. ದೊರೆಗಳನ್ನು ನಿಲ್ಲಿಸಿಕೊಂಡೇ ಮಾತಾಡಿಸಿದರು. ಕಾರಿನ ಹೆಸರು ಕೇಳಿದ ಮೇಲೆ ಕೂರಿಸಿದರು. ಬಣ್ಣ ಮೂಲದ್ದೇ ಎಂದು ಕೇಳಿದ ಮೇಲೆ ತಣ್ಣಗಿನ ನೀರು ತರಿಸಿದರು. ಆಮೇಲೆ ದೊಡ್ಡ ಕೋಣೆಯೊಂದಕ್ಕೆ ಕರೆದುಕೊಂಡು ಹೋಗಿ ದೀಪ ಹಾಕಿದರು.

ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಮಖಮಲ್ಲಿನ ಮೇಲೆ, ಅದೇ ಎಂಜಿನ್ ಕೂತಿತ್ತು. ಅದೇ ಮಾದರಿ, ಅದೇ ಕಾಲ. ಒಂದು ತೊಟ್ಟು ಎಣ್ಣೆಯ ಕಲೆಯಿಲ್ಲ, ಒಂದು ಎಳೆ ತುಕ್ಕಿಲ್ಲ. ದೊರೆಗಳು ತಮಗೆ ಗೊತ್ತಿಲ್ಲದೆಯೇ ಕೈ ಜೋಡಿಸಿದರು. ಚಿಕ್ಕಂದಿನಿಂದ ಕೇಳುತ್ತ ಬಂದಿದ್ದ ಎಷ್ಟೋ ಹಾಡುಗಳಲ್ಲಿ ದರ್ಶನವಾದ ಭಕ್ತ ಅಡ್ಡಬೀಳುವುದು ಯಾಕೆಂದು ಅವರಿಗೆ ಆ ಹೊತ್ತು ತಿಳಿಯಿತು.

"ಬೇಕಾ?" ಎಂದರು ಸಂಗ್ರಾಹಕರು.

ದೊರೆಗಳು ತಲೆಯಾಡಿಸಿದರು.

"ಕೊಡ್ತೀನಿ. ಪುಕ್ಕಟೆ ಕೊಡ್ತೀನಿ. ನಿಮ್ಮ ಕಾರು ನನಗೆ ಕೊಟ್ಬಿಡಿ."

ಕಾರು ಕೊಟ್ಟ ಮೇಲೆ ಎಂಜಿನ್ ಇಟ್ಟುಕೊಂಡು ಏನು ಮಾಡಲಿ ಎಂದು ದೊರೆಗಳು ಕೇಳಿದರು. ಸಂಗ್ರಾಹಕರು ಆ ಪ್ರಶ್ನೆಯನ್ನು ಗಂಭೀರವಾಗಿ ಯೋಚಿಸಿ, ಗಾಜಿನ ಪೆಟ್ಟಿಗೆಯನ್ನೂ ಜತೆಗೇ ಕೊಡುತ್ತೇನೆ, ನಡುಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ಆ ಮಾತಿಗೆ ದೊರೆಗಳು ಕುಡಿದ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೊರಟು ಬಂದರು. ಅವರ ಜೀವನದಲ್ಲಿ ಆಗಲಿ ಎನ್ನದೆ ಹಿಂತಿರುಗಿದ ದಿನ ಅದೊಂದೇ. ಸಂಗ್ರಾಹಕರು ಅವರನ್ನು ದೊರೆಗಳೇ ಎಂದು ಕರೆಯದೆ ಇದ್ದದ್ದು ಪುಣ್ಯ.

ಭಾನುವಾರ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯುವಾಗ ಕೈ ತಡೆಯುತ್ತದೆ. ಡೀಸೆಲ್ಲಿಗೆ ಜಾಗ ಮಾಡಲು ಡಾಕ್ಟರು ಬೆಳಿಗ್ಗೆಯೇ ಬಂದು, ಎಂಜಿನ್ ಕೂರುವ ಕಬ್ಬಿಣದ ಪಟ್ಟಿಗಳನ್ನು ಕತ್ತರಿಸಿ, ಮುಂದಿನ ಸೀಟಿನ ಅರ್ಧ ಕಿತ್ತು ಊಟಕ್ಕೆ ಹೋದ. ಅವನು ಹೋದ ಮೇಲೆ ಬಾಮೈದ ಬಂದು, ಪೆಟ್ರೋಲ್ ಟ್ಯಾಂಕು ಬಿಚ್ಚಿ, ಬ್ಯಾಟರಿ ಕೂರಿಸಲು ಅಡ್ಡಪಟ್ಟಿ ಹುಡುಕಿ, ಯಾವನೋ ಕತ್ತರಿಸಿ ಹಾಕಿದ್ದಾನೆಂದು ಬೈದು, ವೆಲ್ಡಿಂಗ್ ಮಾಡುವವನನ್ನು ಕರೆಯಲು ಹೋದ. ಡಾಕ್ಟರು ಹಿಂತಿರುಗಿ, ಡೀಸೆಲ್ಲಿಗೆ ಟ್ಯಾಂಕೇ ಇಲ್ಲವೆಂದು ಕಂಡು, ಇದು ದ್ರೋಹವೆಂದು ಸ್ಕ್ರೂಡ್ರೈವರ್ ನೆಲಕ್ಕೆಸೆದು ಹೊರಟ. ಬಾಗಿಲಲ್ಲಿ ಇಬ್ಬರೂ ಎದುರಾದರು. ನಿಮಗೆ ಯಾರು ಹೇಳಿದ್ದು ಎಂದು ಇವನು ಕೇಳಿದ, ದೊರೆಗಳು ಹೇಳಿದ್ದು ಎಂದು ಅವನು ಹೇಳಿದ. ನಿನಗೆ ಯಾರು ಹೇಳಿದ್ದು ಎಂದು ಅವನು ಕೇಳಿದ, ದೊರೆಗಳು ಹೇಳಿದ್ದು ಎಂದು ಇವನೂ ಹೇಳಿದ. ಆಮೇಲೆ ಇಬ್ಬರೂ ಒಂದಾಗಿ ದೊರೆಗಳನ್ನು ಹುಡುಕಿದರು. ದೊರೆಗಳು ಹಾಸಿಗೆಯ ಮೇಲಿನ ಸಮವಸ್ತ್ರದ ರಾಶಿಯೊಳಗೆ ಮುಖ ಹುದುಗಿಸಿ ಮಲಗಿದ್ದರು.

ಹೀಗಾಗಿ ಸೋಮವಾರ ಬೆಳಗಾದಾಗ ಕಾರಿಗೆ ಎಂಜಿನ್ ಇರಲಿಲ್ಲ, ಟ್ಯಾಂಕು ಇರಲಿಲ್ಲ, ಸೀಟು ಅರ್ಧ ಇತ್ತು. ಎಂಜಿನ್ ಆಯ್ಕೆ ಮಾತ್ರ ಆಗಿರಲಿಲ್ಲ.

ಲಾರಿ ಏದುಸಿರು ಬಿಡುತ್ತ ಏರು ಹತ್ತಿ ಬಂದು ಗೇಟಿನ ಬದಿಗೆ ನಿಂತಿತು. ಇನ್ಸ್‌ಪೆಕ್ಟರು ಇಳಿದರು. ಬೀದಿಯವರೆಲ್ಲ ಕೆಲಸ ಬಿಟ್ಟು ಜಗಲಿಗಳ ಮೇಲೆ ನಿಂತರು. ಎಂಜಿನ್ ತಂದು ಹಾಕಿದವರು ಮುಂದಿನ ಸಾಲಿನಲ್ಲಿದ್ದರು. ದೊರೆಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು, ನನ್ನ ಹೆಣದ ಮೇಲೆ ಹಾದು ಹೋಗಿ ಎಂದರು. ಲಾರಿಯವನು, ಹೆಣ ನಮ್ಮ ಲಾರಿಯಲ್ಲಿ ಹಾಕೋಲ್ಲ ಸ್ವಾಮಿ, ಅದಕ್ಕೆ ಬೇರೆ ಗಾಡಿ ಇದೆ ಎಂದ.

ಆಗ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಎಂಜಿನ್ ತಂದವರಿಂದಲೇ ಶೆಡ್ಡಿನಿಂದ ಇಳಿಜಾರಿನುದ್ದಕ್ಕೂ ಕಾರಿನಷ್ಟು ಅಗಲ ದಾರಿ ಬಿಡಿಸಿ, ಗೇಟನ್ನು ಅಗಲಕ್ಕೆ ತೆರೆದಳು. ನಿಯಮ ಇನ್ನೊಂದು ಸಲ ಓದಿ ಸಾರ್ ಎಂದಳು. ಇನ್ಸ್‌ಪೆಕ್ಟರು ಓದಿದರು. ತಳ್ಳದೆ, ಎಳೆಯದೆ, ಚಾಲಕನನ್ನು ಕೂರಿಸಿಕೊಂಡು, ತುದಿಯಿಂದ ತುದಿಗೆ. ಅಷ್ಟೇನಾ ಎಂದಳು. ಅಷ್ಟೇ ಎಂದರು. ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು, ಉಳಿದಿದ್ದ ಅರ್ಧ ಸೀಟಿನ ಮೇಲೆ ಕೂತಳು, ಬಾಗಿ ಮುಂದಿನ ಚಕ್ರಕ್ಕೆ ಇಟ್ಟಿದ್ದ ಕಲ್ಲನ್ನು ಕೈಯಿಂದ ಸರಿಸಿದಳು.

ಕಾರು ಒಂದು ಕ್ಷಣ ಯೋಚಿಸಿತು. ಆಮೇಲೆ ಹೊರಟಿತು.

ಗೇಟು ದಾಟಿತು, ಲಾರಿಯ ಪಕ್ಕದಲ್ಲಿ ನುಸುಳಿತು, ಬೀದಿಗಿಳಿಯಿತು. ಸದ್ದಿಲ್ಲ, ಹೊಗೆಯಿಲ್ಲ. ಉಬ್ಬಿದ ಮಡ್‌ಗಾರ್ಡಿನ ಮೇಲೆ ಬಿಸಿಲು ಜಾರುತ್ತ, ಹಂಸದ ಹಾಗೆ ತೇಲುತ್ತ ಹೋಯಿತು. ಮೇಷ್ಟ್ರು ಗಾಬರಿಯಿಂದ ಜಗಲಿ ಹತ್ತಿದರು. ಹಿಟ್ಟಿನ ಗಿರಣಿಯವನು ತಲೆಯ ಮೇಲಿನ ಟವೆಲ್ ತೆಗೆದ. ಯಾವ ಗುಂಡಿಯಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿಸಬೇಕು, ಬ್ರೇಕನ್ನು ಎಷ್ಟು ಸಲ ತುಳಿದರೆ ಅದಕ್ಕೆ ನೆನಪಾಗುತ್ತದೆ ಎಂಬುದೆಲ್ಲ ಆಕೆ ಹಿಂದಿನಿಂದ ತಳ್ಳುತ್ತಲೇ ತಂದೆಯನ್ನು ನೋಡಿ ಕಲಿತ ವಿದ್ಯೆ. ಅಡ್ಡ ಬಂದ ಹಸುವಿಗೆ ಹಾರ್ನು ಹಿಸುಕಿದಳು. ಕೆಳತುದಿಯಲ್ಲಿ ಬೀದಿ ಸಮವಾಗುವ ಕಡೆ, ಕ್ಷೌರದಂಗಡಿಯ ಎದುರು, ಗೋಡೆಗೆ ಒಂದು ಗೇಣು ಬಿಟ್ಟು ಕಾರು ತಾನಾಗಿ ನಿಂತಿತು.

ಇನ್ಸ್‌ಪೆಕ್ಟರು ಓಡಿ ಬಂದರು. ಅವರ ಹಿಂದೆ ಊರು ಓಡಿ ಬಂತು. ಆಕೆ ಇಳಿದು, ಸೆರಗು ಬಿಡಿಸಿಕೊಂಡು, ಯಾರಾದ್ರೂ ತಳ್ಳಿದ್ರಾ ಸಾರ್ ಎಂದು ಕೇಳಿದಳು.

ಇನ್ಸ್‌ಪೆಕ್ಟರು ಹಿಂದೆ ನೋಡಿದರು, ಮುಂದೆ ನೋಡಿದರು, ಪುಸ್ತಕ ನೋಡಿದರು. ಹಗ್ಗವಿದೆಯೇ ಎಂದು ಕಾರಿನ ಕೆಳಗೆ ಬಗ್ಗಿ ನೋಡಿದರು. ತಳ್ಳಿಲ್ಲ, ಎಳೆದಿಲ್ಲ, ಚಾಲಕರಿದ್ದರು, ಈ ತುದಿ ಬಂದಿದೆ. ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ಎಂದು ನಿಯಮದಲ್ಲಿಲ್ಲ. ಅವರು ಪೆನ್ನು ತೆಗೆದರು.

ಇಷ್ಟಕ್ಕೆ ಎಲ್ಲರೂ ಸುಮ್ಮನಿದ್ದಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ದೊರೆಗಳು ಬಂದು ತಲುಪಿದರು. ಅವರ ಮುಖ ಕೆಂಡವಾಗಿತ್ತು.

"ನಿಲ್ಲಿಸಿ," ಎಂದರು. "ಇದು ಮೋಸ. ಇದರಲ್ಲಿ ಎಂಜಿನ್ನೇ ಇಲ್ಲ."

ಬೀದಿ ಉಸಿರು ಹಿಡಿಯಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಇನ್ಸ್‌ಪೆಕ್ಟರು, ಅದು ತಮಗೆ ಗೊತ್ತು, ಎಂಜಿನ್ ಇರಬೇಕೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ ಎಂದರು.

"ಬರೆದಿಲ್ಲ ಅಂದ್ರೆ? ಎಂಜಿನ್ ಇಲ್ಲದ್ದನ್ನ ವಾಹನ ಅಂತ ಒಪ್ಕೊಂಡ್ರೆ ನನ್ನ ಕಾರಿಗೂ ಸಂತೆಯ ತಳ್ಳುಗಾಡಿಗೂ ಏನು ವ್ಯತ್ಯಾಸ? ಇಷ್ಟು ದಿನ ನಾನು ಹುಡುಕಿದ್ದು ಏನನ್ನ? ಇದು ಆ ಕಾರಿಗೆ ಮಾಡಿದ ಅವಮಾನ. ನನ್ನ ಆಕ್ಷೇಪಣೆ ಇದೆ."

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿ, ಎಷ್ಟೋ ಗುಮಾಸ್ತರನ್ನು ಕಂಡ ಶಾಂತಿಯಿಂದ ಅವರನ್ನು ನೋಡಿದರು.

"ಆಕ್ಷೇಪಣೆ ಕೊಡಿ, ತಗೋತೀನಿ. ಆದ್ರೆ ನಿಮ್ಮ ಆಕ್ಷೇಪಣೆ ಸರಿ ಅಂತಾದ್ರೆ ಇದು ವಾಹನ ಅಲ್ಲ. ಲಾರಿ ಇನ್ನೂ ಮೇಲೇ ಇದೆ. ಏನ್ ಮಾಡ್ಲಿ ದೊರೆಗಳೇ?"

ದೊರೆಗಳ ಬಾಯಿ ತೆರೆದೇ ಇತ್ತು. ನ್ಯಾಯ ಒಂದು ಕಡೆ, ಕಾರು ಇನ್ನೊಂದು ಕಡೆ. ಆ ಬೀದಿಯಲ್ಲಿ ಅಷ್ಟು ನೋವಿನಿಂದ ಆ ಮಾತನ್ನು ಹಿಂದೆ ಯಾರೂ ಆಡಿರಲಿಲ್ಲ.

"ಆಗಲಿ," ಎಂದರು.

ಇನ್ಸ್‌ಪೆಕ್ಟರು ಸಹಿ ಹಾಕಿದರು. ಹೊಗೆ ಇಲ್ಲ, ಸದ್ದಿಲ್ಲ, ಇಂಥ ಶುದ್ಧವಾದ ವಾಹನವನ್ನು ತಮ್ಮ ಸೇವೆಯಲ್ಲೇ ಕಂಡಿಲ್ಲ ಎಂದು ಕೆಳಗೆ ತಾವಾಗಿಯೇ ಒಂದು ಸಾಲು ಸೇರಿಸಿದರು. ಲಾರಿ ಗಿರಣಿಯದನ್ನೂ ಚಿತ್ರಮಂದಿರದ್ದನ್ನೂ ಮಿಕ್ಕೆಲ್ಲವನ್ನೂ ಹೊತ್ತುಕೊಂಡು ಇಳಿದು ಹೋಯಿತು. ಕಾರನ್ನು ಮತ್ತೆ ಮೇಲಕ್ಕೆ ತಳ್ಳೋಣವೇ ಎಂದು ಬಾಮೈದ ತೋಳು ಮಡಿಸಿಕೊಂಡು ಕೇಳಿದ. ಅಕ್ಕ ಅವನನ್ನು ನೋಡಿದ ರೀತಿಗೆ ಮಡಿಸಿದ ತೋಳನ್ನು ಮತ್ತೆ ಇಳಿಸಿಕೊಂಡ.

"ಅಲ್ಲೇ ಇರಲಿ," ಎಂದಳು ಗಂಡನಿಗೆ. "ಇನ್ನು ಇದನ್ನ ಯಾರೂ ಮುಟ್ಟೋ ಹಾಗಿಲ್ಲ, ಸರಕಾರವೇ ಬರೆದುಕೊಟ್ಟಿದೆ. ನೀವು ನಿಧಾನವಾಗಿ ಎಂಜಿನ್ ಆರಿಸಿ. ನನಗೇನೂ ಅವಸರ ಇಲ್ಲ."

ಹಾಗೆಂದವಳು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಆ ಕಾರನ್ನು ಕೆಳಗೇ ಬಿಟ್ಟು, ಎರಡೂ ಕೈ ಬೀಸಿಕೊಂಡು ಏರು ಹತ್ತಿ ಹೋದಳು.

ಜನ ಕರಗಿದರು. ದೊರೆಗಳು ಅರ್ಧ ಸೀಟಿನ ಮೇಲೆ ಕೂತು, ಸ್ಟಿಯರಿಂಗ್ ಹಿಡಿದು, ಎದುರಿನ ಗೋಡೆಯನ್ನು ಸಿಟ್ಟಿನಿಂದ ನೋಡುತ್ತಿದ್ದರು. ಕ್ಷೌರಿಕ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತ. ಇಲ್ಲೇ ನಿಲ್ಲಿಸಿದರೆ ಗಿರಾಕಿಗಳಿಗೆ ದಾರಿ ಇಲ್ಲ, ಯಾವಾಗ ಹೊರಡುತ್ತೀರಿ ಎಂದು ವಿನಯದಿಂದ ಕೇಳಿದ.

"ಎಂಜಿನ್ ವಿಚಾರ ಯೋಚನೆ ಮಾಡ್ತಿದೀನಿ," ಎಂದರು ದೊರೆಗಳು. "ಕೈಗೆ ಸಿಕ್ಕಿದ್ದನ್ನ ಹಾಕೋದಕ್ಕೆ ಇದೇನು ಸಾಮಾನ್ಯ ಗಾಡೀನಾ?"

ಅಷ್ಟರಲ್ಲಿ ಬೀದಿಯ ಮೇಲ್ತುದಿಯಿಂದ ಟರ್‍ರನೆ ಒಂದು ಸದ್ದು ಹೊರಟಿತು. ಜಗಲಿಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಎಷ್ಟೋ ವರ್ಷಗಳ ಮೇಲೆ ಆ ಶೆಡ್ಡಿನಲ್ಲಿ ಒಂದು ಯಂತ್ರ ಮೊದಲ ಪ್ರಯತ್ನಕ್ಕೇ ಶುರುವಾಗಿತ್ತು.